ಎಸಿ ಗ್ಯಾಸಿಗೆ ಕಡಿವಾಣ ಎಲ್ಲಿ ಬೇಕು?

ಬೇಸಿಗೆ ಕಾಲಿಟ್ಟಿತೆಂದರೆ ಎಸಿ ಇರುವ ಮನೆ, ಅಂಗಡಿ, ಕಚೇರಿಗಳಲ್ಲಿ ಒಂದೇ ಮಾತು: ‘ಯಾಕೋ ತಣ್ಣಗಾಗ್ತಾ ಇಲ್ಲ, ಗ್ಯಾಸ್ ಖಾಲಿಯಾಗಿರಬೇಕು.’ ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ. ಅವರು ಬರುತ್ತಾರೆ, ಗೇಜ್ ಹಚ್ಚುತ್ತಾರೆ, ಗ್ಯಾಸ್ ತುಂಬುತ್ತಾರೆ, ದುಡ್ಡು ಪಡೆದು ಹೋಗುತ್ತಾರೆ. ಈ ವ್ಯವಹಾರ ಎಷ್ಟು ಮಾಮೂಲಾಗಿದೆಯೆಂದರೆ ಅದರ ಬುಡದಲ್ಲಿರುವ ತಪ್ಪು ನಮ್ಮ ಗಮನಕ್ಕೇ ಬರುವುದಿಲ್ಲ. ಎಸಿಯ ಗ್ಯಾಸ್ ಬಳಸಿದಂತೆ ಖಾಲಿಯಾಗುವ ವಸ್ತುವಲ್ಲ. ಕಂಪ್ರೆಸರ್, ಒಳಗಿನ ಕಾಯಿಲ್, ಹೊರಗಿನ ಕಾಯಿಲ್ ಸೇರಿ ಆಗಿರುವ ಮುಚ್ಚಿದ ಕೊಳವೆಯಲ್ಲಿ ಅದು ದ್ರವವಾಗುತ್ತ, ಮತ್ತೆ ಆವಿಯಾಗುತ್ತ ಸುತ್ತುತ್ತಲೇ ಇರುತ್ತದೆ. ಕೋಣೆಯ ಬಿಸಿಯನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಯಂತ್ರ ಹತ್ತಾರು ವರ್ಷ ನಡೆದರೂ ಮೊದಲು ತುಂಬಿದ ಗ್ಯಾಸೇ ಸಾಕು. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸುವುದು ಪಂಕ್ಚರ್ ಆದ ಟೈರಿಗೆ ಗಾಳಿ ಹೊಡೆಸಿದ ಹಾಗೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಫೋನು, ಅದೇ ಖರ್ಚು.

ಖರ್ಚು ನಮ್ಮ ಜೇಬಿನದಷ್ಟೇ ಆಗಿದ್ದರೆ ಇದನ್ನು ಮನೆಯ ವಿಚಾರವೆಂದು ಬಿಡಬಹುದಿತ್ತು. ಆದರೆ ಸೋರಿದ ಗ್ಯಾಸ್ ಗಾಳಿಗೆ ಸೇರುತ್ತದೆ. ಹಳೆಯ ಎಸಿಗಳಲ್ಲಿರುವ ಆರ್-22 ಒಂದು ಕಿಲೋ ಸೋರಿದರೆ, ನೂರು ವರ್ಷಗಳ ಲೆಕ್ಕದಲ್ಲಿ ಅದು ಸುಮಾರು 1,810 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಕಾಯಿಸುತ್ತದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೊರಬರುವುದು ಸುಮಾರು 2.3 ಕಿಲೋ. ಎಂದಮೇಲೆ ಒಂದು ಕಿಲೋ ಆರ್-22 ಗಾಳಿಗೆ ಬಿಟ್ಟದ್ದೂ ಒಂದೇ, ಸುಮಾರು 787 ಲೀಟರ್ ಪೆಟ್ರೋಲ್ ಸುಟ್ಟದ್ದೂ ಒಂದೇ. ದಿನಕ್ಕೊಂದು ಲೀಟರಿನಂತೆ ಸುಟ್ಟರೂ ಅದು ಎರಡು ವರ್ಷಕ್ಕೂ ಮಿಕ್ಕಿದ ಪೆಟ್ರೋಲು. ಆರ್-22ರ ಬದಲಿಗೆ ಬಂದ ಆರ್-410ಎ ಇನ್ನೂ ಜೋರು, ಅದರ ಅಂಕಿ 2,088. ಈಚಿನ ಮನೆ ಎಸಿಗಳಲ್ಲಿ ಹೆಚ್ಚಾಗಿ ಕಾಣುವ ಆರ್-32 ಅಷ್ಟಿಲ್ಲ, ಆದರೂ 675.

ಇಷ್ಟು ಬಲದ ವಸ್ತುವನ್ನು ಇಂದು ರೆಫ್ರಿಜರೇಷನ್ ಸಾಮಾನಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ಯಾರು ಬೇಕಾದರೂ ಕೊಂಡೊಯ್ಯಬಹುದು. ‘ನಿಮಗೆ ಇದನ್ನು ತುಂಬಲು ಬರುತ್ತದೆಯೇ, ಹಳೆಯ ಗ್ಯಾಸನ್ನು ಏನು ಮಾಡುತ್ತೀರಿ’ ಎಂದು ಕೌಂಟರಿನಲ್ಲಿ ಕೇಳುವವರಿಲ್ಲ. ಈ ಗ್ಯಾಸನ್ನು ಯಾರಿಗೆ ಮಾರಬಹುದು, ಯಾರು ಕೊಳ್ಳಬಹುದು ಎಂಬುದಕ್ಕೆ ಸರ್ಕಾರ ಖಡಕ್ಕಾದ ನಿಯಮ ಮಾಡಬೇಕು ಎಂಬುದು ನನ್ನ ವಾದ. ಅದರ ಜೊತೆಗೇ ಇನ್ನೊಂದು ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕಾಗಿದೆ. ಆ ನಿಯಮದ ಭಾರವೆಲ್ಲ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೂರನೆಯ ಮಹಡಿಯ ಗೋಡೆಗೆ ಜೋತು ಕೆಲಸ ಮಾಡುವ ಮೆಕ್ಯಾನಿಕ್ ಮೇಲೆ ಬಿದ್ದರೆ, ಅದು ನ್ಯಾಯವೂ ಆಗುವುದಿಲ್ಲ, ಅದರಿಂದ ಕೆಲಸವೂ ಸಾಗುವುದಿಲ್ಲ.

ಗ್ಯಾಸಿನ ಮೇಲೆ ಸರ್ಕಾರದ ಹಿಡಿತ ಹೊಸದಲ್ಲ. ಕ್ಲೋರೋಫ್ಲೋರೋಕಾರ್ಬನ್‌ಗಳು, ಅಂದರೆ ಸಿಎಫ್‌ಸಿಗಳು, ಓಝೋನ್ ಪದರವನ್ನು ತಿನ್ನುತ್ತವೆ ಎಂದು ವಿಜ್ಞಾನಿಗಳಾದ ಮಾರಿಯೋ ಮೊಲೀನಾ ಮತ್ತು ಶೆರ್ವುಡ್ ರೋಲೆಂಡ್ 1974ರಲ್ಲೇ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ಓಝೋನ್ ತೀರಾ ತೆಳುವಾಗಿರುವುದು ಬ್ರಿಟಿಷ್ ವಿಜ್ಞಾನಿಗಳ ಅಳತೆಯಿಂದ ಲೋಕಕ್ಕೆ ತಿಳಿಯಿತು. 1987ರ ಸೆಪ್ಟೆಂಬರ್ 16ರಂದು, ಇಂಥ ಗ್ಯಾಸುಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದವಾಯಿತು. ಬಡದೇಶಗಳಿಗೆ ಬದಲಾವಣೆಯ ಖರ್ಚು ಕೊಡುವವರು ಯಾರು ಎಂಬ ಪ್ರಶ್ನೆಯೆತ್ತಿ ಭಾರತ ಮೊದಲು ಹೊರಗೇ ನಿಂತಿತು. 1990ರ ಲಂಡನ್ ಸಭೆಯಲ್ಲಿ ಅದಕ್ಕಾಗಿ ಬಹುಪಕ್ಷೀಯ ನಿಧಿ ಗೊತ್ತಾದ ಮೇಲೆ, 1992ರಲ್ಲಿ ಒಳಗೆ ಬಂತು. 2000ದಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಓಝೋನ್‌ನಾಶಕ ವಸ್ತುಗಳ ನಿಯಂತ್ರಣ ನಿಯಮಗಳು ಬಂದವು. ಅವು ತಯಾರಿಸುವವರಿಗಷ್ಟೇ ಅಲ್ಲ, ಮಾರುವವರಿಗೂ ಗೊತ್ತುಮಾಡಿದ ಉದ್ಯಮಗಳಲ್ಲಿ ಕೊಳ್ಳುವವರಿಗೂ ನೋಂದಣಿ ಕಡ್ಡಾಯ ಮಾಡಿದವು. 2003ರಿಂದ ಹೊಸ ಯಂತ್ರಗಳಲ್ಲಿ ಸಿಎಫ್‌ಸಿ ನಿಂತಿತು. 2008ರ ಆಗಸ್ಟ್ 1ರಂದು, ಒಪ್ಪಂದದ ಗಡುವಿಗಿಂತ 17 ತಿಂಗಳು ಮೊದಲೇ, ದೇಶದಲ್ಲಿ ಅದರ ತಯಾರಿಕೆಯೂ ನಿಂತಿತು. ಲೋಕದ ಬಹುಭಾಗದಲ್ಲಿ 2040ರ ಹೊತ್ತಿಗೆ, ಅಂಟಾರ್ಕ್ಟಿಕದ ಮೇಲೆ 2066ರ ಸುಮಾರಿಗೆ, ಓಝೋನ್ 1980ರ ಮಟ್ಟಕ್ಕೆ ಮರಳೀತೆಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಅಂದಾಜು. ಕಾನೂನಿನಿಂದ ಆಕಾಶ ಸರಿಹೋಗುತ್ತದೆಯೇ ಎಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಆದರೆ ಆ ಗೆಲುವು ಬಹುಮಟ್ಟಿಗೆ ಕಾರ್ಖಾನೆಯ ಬಾಗಿಲಲ್ಲಿ ಸಿಕ್ಕದ್ದು. ತಯಾರಕರು ಬೆರಳೆಣಿಕೆಯಷ್ಟು. ಅವರನ್ನು ನಿಲ್ಲಿಸಿದರೆ ಗ್ಯಾಸ್ ನಿಲ್ಲುತ್ತಿತ್ತು. ಈಗಿನ ಸ್ಥಿತಿ ಬೇರೆ. ಸಿಎಫ್‌ಸಿ ಹೋಗಿ ಆರ್-22ರಂಥ ಎಚ್‌ಸಿಎಫ್‌ಸಿ ಬಂತು. ಅದೂ ಹೋಗುತ್ತಿರುವಂತೆ ಆರ್-410ಎ, ಆರ್-32ರಂಥ ಎಚ್‌ಎಫ್‌ಸಿ ಬಂತು. ಎಚ್‌ಎಫ್‌ಸಿ ಓಝೋನನ್ನು ಮುಟ್ಟುವುದಿಲ್ಲ, ಭೂಮಿಯನ್ನು ಮಾತ್ರ ಕಾಯಿಸುತ್ತದೆ. 2016ರ ಅಕ್ಟೋಬರಿನಲ್ಲಿ ರುವಾಂಡಾದ ಕಿಗಾಲಿಯಲ್ಲಿ ಅದನ್ನೂ ಒಪ್ಪಂದದೊಳಗೆ ತಂದರು. ಭಾರತ 2021ರ ಸೆಪ್ಟೆಂಬರಿನಲ್ಲಿ ಕಿಗಾಲಿ ತಿದ್ದುಪಡಿಯನ್ನು ಅನುಮೋದಿಸಿತು. ಅದರಂತೆ 2024, 2025, 2026ರ ಸರಾಸರಿ ಬಳಕೆಯ ಆಧಾರದ ಮೇಲೆ ನಮ್ಮ ಮಿತಿ ಗೊತ್ತಾಗುತ್ತದೆ. 2028ರಲ್ಲಿ ಬಳಕೆ ಆ ಮಿತಿಗೆ ಬಂದು ನಿಲ್ಲಬೇಕು. 2032ಕ್ಕೆ ಶೇ 10, 2037ಕ್ಕೆ ಶೇ 20, 2042ಕ್ಕೆ ಶೇ 30, 2047ಕ್ಕೆ ಶೇ 85ರಷ್ಟು ಇಳಿಯಬೇಕು. 2000ದ ನಿಯಮಗಳು ಓಝೋನ್ ಕೆಡಿಸುವ ವಸ್ತುಗಳಿಗೆಂದು ಬರೆದಂಥವು; ಎಚ್‌ಎಫ್‌ಸಿಯನ್ನು ಹಿಡಿಯಬೇಕಾದರೆ ಅವುಗಳ ವ್ಯಾಪ್ತಿ ಹಿಗ್ಗಬೇಕು. 2024ರ ಮಧ್ಯದೊಳಗೆ ತಿದ್ದುಪಡಿ ತರುವುದಾಗಿ ಕೇಂದ್ರ ಸರ್ಕಾರ 2021ರಲ್ಲೇ ಹೇಳಿತ್ತು. ಆ ಹಿಗ್ಗಿಸುವ ಕೆಲಸದಲ್ಲಿ ತಯಾರಕರ ಕೋಟಾ, ಆಮದಿನ ಪರವಾನಗಿಗಳಷ್ಟೇ ಇದ್ದು ಅಂಗಡಿಯ ಕೌಂಟರ್ ಬಿಟ್ಟುಹೋದರೆ ಅರ್ಧ ಕೆಲಸವೇ ಆದಂತೆ.

ಹಾಗೇಕೆಂದರೆ, ಮಿತಿ ಬಂದ ಮೇಲೆ ಸೋರಿಕೆಯ ಅರ್ಥವೇ ಬದಲಾಗುತ್ತದೆ. ದೇಶಕ್ಕೆ ವರ್ಷಕ್ಕೆ ಸಿಗುವ ಗ್ಯಾಸ್ ಇಷ್ಟೇ ಎಂದು ಗೊತ್ತಾದಾಗ ಹಳೆಯ ಎಸಿಗಳ ಟಾಪ್‌ಅಪ್‌ಗೆ ಹೋಗುವ ಪ್ರತಿ ಕಿಲೋ, ಹೊಸ ಎಸಿಗೆ ಸಿಗಬೇಕಾದ ಕಿಲೋ. 2019ರಲ್ಲಿ ಕೇಂದ್ರ ಸರ್ಕಾರ ಹೊರತಂದ ಭಾರತ ಶೀತಲೀಕರಣ ಕ್ರಿಯಾ ಯೋಜನೆಯ ಪ್ರಕಾರ ಆಗ ಎಸಿ ಇದ್ದದ್ದು ಶೇ 8ರಷ್ಟು ಮನೆಗಳಲ್ಲಿ. ಉಳಿದವರ ಸರದಿ ಇನ್ನು ಬರಬೇಕು. ಕಲಬುರ್ಗಿ, ರಾಯಚೂರಿನ ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಬದುಕುವವರಿಗೆ, ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದವರಿಗೆ, ಲಸಿಕೆಯ ಪೆಟ್ಟಿಗೆಗೆ ತಂಪು ಬೇಕಾಗುವುದು ಷೋಕಿಗಲ್ಲ. ತಂಪಿನ ಬೆಂಗಳೂರೆಂಬ ಹೆಸರಿದ್ದ ಊರೇ 2016ರ ಏಪ್ರಿಲಿನಲ್ಲಿ 39 ಡಿಗ್ರಿ ದಾಟಿದೆ. ಉಳ್ಳವರ ಯಂತ್ರಗಳು ವರ್ಷವರ್ಷವೂ ಸೋರುತ್ತಿದ್ದರೆ, ಆ ಸೋರಿಕೆ ಇನ್ನೂ ಎಸಿಯ ಮುಖ ಕಾಣದವರ ಪಾಲನ್ನು ಕಸಿದುಕೊಳ್ಳುತ್ತದೆ. ಗ್ಯಾಸ್ ಮಾರಾಟದ ನಿಯಂತ್ರಣ ಪರಿಸರದ ಪ್ರಶ್ನೆ ಹೇಗೋ ಹಾಗೆ ಹಂಚಿಕೆಯ ಪ್ರಶ್ನೆಯೂ ಹೌದು ಎಂದು ನಾನು ನಂಬುವುದು ಇದಕ್ಕಾಗಿ.

ಸೋರಿಕೆ ನಡೆಯುವ ಜಾಗವನ್ನು ಹತ್ತಿರದಿಂದ ನೋಡೋಣ. ಕಟ್ಟಡದ ಹಿಂಗೋಡೆಯ ಬ್ರಾಕೆಟ್ ಮೇಲೆ ಔಟ್‌ಡೋರ್ ಯೂನಿಟ್ ಕೂತಿದೆ. ಕೆಲಸ ಸರಿಯಾಗಿ ಆಗಬೇಕಾದರೆ ಮೆಕ್ಯಾನಿಕ್ ಮೊದಲು ತಾಮ್ರದ ಪೈಪಿನ ಫ್ಲೇರ್ ನಟ್‌ಗಳಿಗೆ ಸೋಪಿನ ನೊರೆ ಸವರಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಒಳಗುಳಿದ ಗ್ಯಾಸನ್ನು ರಿಕವರಿ ಮಷಿನ್‌ನಿಂದ ಬೇರೆ ಸಿಲಿಂಡರಿಗೆ ಎಳೆದುಕೊಳ್ಳಬೇಕು. ನೈಟ್ರೋಜನ್ ತುಂಬಿ, ಪ್ರೆಷರ್ ಇಳಿಯದೆ ನಿಲ್ಲುತ್ತದೆಯೇ ಎಂದು ಕಾಯಬೇಕು. ತೂತು ಸಿಕ್ಕಲ್ಲಿ ಬ್ರೇಜಿಂಗ್ ಮಾಡಬೇಕು, ಇಲ್ಲವೇ ಫ್ಲೇರ್ ಹೊಸದಾಗಿ ಮಾಡಬೇಕು. ವ್ಯಾಕ್ಯೂಮ್ ಪಂಪ್ ಹಚ್ಚಿ ಗಾಳಿ, ತೇವ ಎರಡನ್ನೂ ಹೊರಗೆಳೆಯಬೇಕು. ಕೊನೆಗೆ ಸಿಲಿಂಡರನ್ನು ತೂಕದ ಯಂತ್ರದ ಮೇಲಿಟ್ಟು, ಎಸಿಯ ನೇಮ್‌ಪ್ಲೇಟ್ ಮೇಲೆ ಬರೆದಷ್ಟೇ ಗ್ರಾಂ ತುಂಬಬೇಕು. ಇದು ಗಂಟೆಗಟ್ಟಲೆ ಹಿಡಿಯುವ ಕೆಲಸ, ಸಾಮಾನು ಹೊರಲು ಇನ್ನೊಬ್ಬರು ಬೇಕು. ಇದ್ದ ಗ್ಯಾಸಿನ ಮೇಲೆಯೇ ಗೇಜ್ ನೋಡಿಕೊಂಡು ತುಂಬಿಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಹಳೆಯದು ಬೇಡವೆಂದರೆ ವಾಲ್ವ್ ತೆರೆದರಾಯಿತು, ಸುಯ್ಯೆಂದು ಗಾಳಿಗೆ ಹೋಗುತ್ತದೆ. ಎರಡಕ್ಕೂ ನಾವು ಕೊಡಲೊಪ್ಪುವ ದುಡ್ಡು ಹೆಚ್ಚುಕಡಿಮೆ ಒಂದೇ. ಹೀಗಿರುವಾಗ ನಿಧಾನದ ಸರಿದಾರಿ ಹಿಡಿಯುವ ಮೆಕ್ಯಾನಿಕ್ ನಷ್ಟಕ್ಕೆ ಗುರಿಯಾಗುತ್ತಾರೆ. ತಪ್ಪು ಕೈಯಲ್ಲಿಲ್ಲ, ಆ ಕೈಯನ್ನು ನಡೆಸುವ ಲೆಕ್ಕಾಚಾರದಲ್ಲಿದೆ.

ವಾಲ್ವ್ ತೆರೆದ ಆ ಕ್ಷಣದಲ್ಲಿ ಹಿಡಿಯಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಲಕ್ಷಾಂತರ ಬಾಲ್ಕನಿ, ತಾರಸಿ, ಹಿಂಗೋಡೆಗಳಿಗೆ ಇನ್ಸ್‌ಪೆಕ್ಟರುಗಳನ್ನು ಕಳಿಸಲಾಗದು, ಕಳಿಸಲೂ ಬಾರದು. ಆದರೆ ಆ ಗ್ಯಾಸೆಲ್ಲ ಅಲ್ಲಿಗೆ ಬರುವ ಮುಂಚೆ ಕೆಲವೇ ಅಂಗಡಿಗಳನ್ನು ದಾಟಿ ಬಂದಿರುತ್ತದೆ. ಒಂದು ಜಿಲ್ಲೆಯಲ್ಲಿ ಎಸಿಗಳು ಸಾವಿರಗಟ್ಟಲೆ, ಗ್ಯಾಸ್ ಸಿಲಿಂಡರ್ ಮಾರುವ ಅಂಗಡಿಗಳು ಎಣಿಸುವಷ್ಟು. ಅಲ್ಲಿ ಬಿಲ್ಲಿದೆ, ದಾಸ್ತಾನಿದೆ, ವಿಳಾಸವಿದೆ. ನಿಯಮ ಹಿಡಿತಕ್ಕೆ ಸಿಗುವ ಜಾಗ ಅದೇ.

ಅಮೆರಿಕ ಹಿಡಿದದ್ದು ಇದೇ ದಾರಿ. ಅಲ್ಲಿನ ಶುದ್ಧ ಗಾಳಿ ಕಾಯ್ದೆಯ 608ನೇ ವಿಧಿಯಡಿ, ಓಝೋನ್ ಕೆಡಿಸುವ ಶೀತಕ ಅನಿಲವನ್ನು ಬೇಕೆಂದೇ ಗಾಳಿಗೆ ಬಿಡುವುದು 1992ರ ಜುಲೈನಿಂದ ಅಪರಾಧ. ಅದರ ಬೆನ್ನಿಗೇ, 1994ರ ನವೆಂಬರಿನಿಂದ, ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದ ತಂತ್ರಜ್ಞರಿಗೆ ಮಾತ್ರ ಇಂಥ ಗ್ಯಾಸ್ ಮಾರಬೇಕೆಂಬ ನಿಯಮ ಬಂತು. 2018ರ ಜನವರಿಯಿಂದ ಎಚ್‌ಎಫ್‌ಸಿಗೂ ಅದು ಅನ್ವಯವಾಯಿತು. ಮಾರುವವರು ಕೊಂಡವರ ಹೆಸರು, ದಿನಾಂಕ, ಪ್ರಮಾಣ ಬರೆದ ದಾಖಲೆಯನ್ನು ಮೂರು ವರ್ಷ ಇಟ್ಟುಕೊಂಡಿರಬೇಕು. ಇದರ ಅಚ್ಚುಕಟ್ಟು ಗಮನಿಸುವಂಥದ್ದು: ಗಾಳಿಗೆ ಬಿಡಬೇಡಿ ಎಂಬ ಆಜ್ಞೆಯನ್ನು ಮನೆಮನೆಗೆ ಹೋಗಿ ಕಾಯುವ ಬದಲು, ಕಲಿತವರ ಕೈಗೆ ಮಾತ್ರ ವಸ್ತು ಸಿಗುವಂತೆ ಮಾಡಿದರು.

ಅಮೆರಿಕದ ವ್ಯವಸ್ಥೆಯಲ್ಲಿ ಕೊರತೆಗಳೂ ಇವೆ, ನಾವು ಅವುಗಳಿಂದಲೇ ಹೆಚ್ಚು ಕಲಿಯಬಹುದು. ಅಲ್ಲಿನ ಪ್ರಮಾಣಪತ್ರಕ್ಕೆ ಜೀವನಪೂರ್ತಿ ಬೆಲೆ. ಗ್ಯಾಸ್ ಬದಲಾದರೂ ಮತ್ತೆ ಕಲಿಯಬೇಕೆಂಬ ಕಡ್ಡಾಯವಿಲ್ಲ. ಪರೀಕ್ಷೆ ಬರಹದ್ದು, ಕೈಕೆಲಸದ್ದಲ್ಲ. ಕಾರಿನ ಎಸಿಗೆ ಬೇಕಾದ ಸಣ್ಣ ಡಬ್ಬಿಗಳನ್ನು ಯಾರು ಬೇಕಾದರೂ ಕೊಳ್ಳಬಹುದು. ಕ್ಯಾಲಿಫೋರ್ನಿಯಾ ರಾಜ್ಯ ಆ ಕಿಂಡಿಗೆ ತನ್ನದೇ ಉಪಾಯ ಮಾಡಿತು: ತಾನಾಗಿ ಮುಚ್ಚಿಕೊಳ್ಳುವ ವಾಲ್ವ್ ಇರಬೇಕು, ಡಬ್ಬಿಗೆ 10 ಡಾಲರ್ ಠೇವಣಿ, ಬಳಸಿದ ಡಬ್ಬಿ ಮರಳಿಸಿದರೆ ಠೇವಣಿ ವಾಪಸು. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಗಿದೆ. ಅಲ್ಲಿ ಗ್ಯಾಸ್ ಮುಟ್ಟಲು ಲೈಸೆನ್ಸ್ ಬೇಕು. ಅದರ ಜೊತೆಗೆ ಉದ್ಯಮವೇ 1993ರಲ್ಲಿ ಕಟ್ಟಿದ ಸಂಸ್ಥೆಯೊಂದು ಆಮದುದಾರರಿಂದ ವಂತಿಗೆ ಎತ್ತಿ, ಯಂತ್ರದಿಂದ ತೆಗೆದ ಹಳೆಯ ಗ್ಯಾಸನ್ನು ಮರಳಿ ತಂದವರಿಗೆ ದುಡ್ಡು ಕೊಡುತ್ತದೆ. ಹಳೆಯ ಗ್ಯಾಸಿಗೆ ಬೆಲೆ ಬಂದರೆ ವಾಲ್ವ್ ತೆರೆದು ಗಾಳಿಗೆ ಬಿಡುವವರು ದುಡ್ಡನ್ನೇ ಬಿಟ್ಟಂತಾಗುತ್ತದೆ. ದಂಡದ ಹೆದರಿಕೆಗಿಂತ ಈ ಲೆಕ್ಕ ಬೇಗ ತಲೆಗೆ ಹೋಗುತ್ತದೆ.

ಇನ್ನು ನಮ್ಮಲ್ಲಿ ಏಳುವ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಅತ್ಯಂತ ತೂಕದ್ದು: ಇದು ಮತ್ತೊಂದು ಲೈಸೆನ್ಸ್ ರಾಜ್ಯವಾಗುತ್ತದೆ, ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತದೆ ಎಂಬುದು. ನಮ್ಮ ಎಸಿ ಮೆಕ್ಯಾನಿಕ್‌ಗಳಲ್ಲಿ ಬಹಳ ಮಂದಿ ಹದಿಹರೆಯದಲ್ಲಿ ಹೆಲ್ಪರ್ ಆಗಿ ಸೇರಿ, ಉಸ್ತಾದರ ಹಿಂದೆ ಪೈಪು ಹೊತ್ತು, ನೋಡಿ ನೋಡಿ ಕಲಿತವರು. ಕೈಯಲ್ಲಿ ವಿದ್ಯೆಯಿದೆ, ಕಾಗದದಲ್ಲಿಲ್ಲ. ನಾಳೆ ಬೆಳಗ್ಗೆ ‘ಪ್ರಮಾಣಪತ್ರ ತೋರಿಸಿ’ ಎಂದರೆ ಅವರು ಬೀದಿಗೆ ಬೀಳುತ್ತಾರೆ; ಕಾಗದ ಇರುವ ದೊಡ್ಡ ಸರ್ವಿಸ್ ಕಂಪನಿಗಳಿಗೆ ಮಾರುಕಟ್ಟೆ ಬಿಟ್ಟುಕೊಟ್ಟಂತಾಗುತ್ತದೆ. ಅಷ್ಟೇ ಅಲ್ಲ, ಕಾಗದ ಕೊಡುವ ಕಿಟಕಿಯಲ್ಲಿ ಲಂಚದ ಬಾಗಿಲೂ ತೆರೆಯುತ್ತದೆ.

ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ, ನಿಯಮದ ಅಡಿಪಾಯವೇ ಇದಾಗಬೇಕೆನ್ನುತ್ತೇನೆ. 2019ರ ಕ್ರಿಯಾ ಯೋಜನೆ 2022-23ರೊಳಗೆ ಒಂದು ಲಕ್ಷ ಸರ್ವಿಸ್ ತಂತ್ರಜ್ಞರಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಇಟ್ಟುಕೊಂಡಿತ್ತು. ಸಿಎಫ್‌ಸಿಯ ಕಾಲದಲ್ಲಿಯೂ ಬಹುಪಕ್ಷೀಯ ನಿಧಿಯ ಹಣದಿಂದ ಸಣ್ಣಪುಟ್ಟ ಊರುಗಳ ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಟ್ಟ ಅನುಭವ ನಮಗಿದೆ. ಐಟಿಐಗಳಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಮೆಕ್ಯಾನಿಕ್ ಎಂಬ ಎರಡು ವರ್ಷದ ಕೋರ್ಸೇ ಇದೆ. ಬೇಕಾದದ್ದೇನೆಂದರೆ, ಈಗಾಗಲೇ ಕೆಲಸ ಬಲ್ಲವರ ಬಲ್ಲತನವನ್ನು ಕೆಲಸದ ಮೂಲಕವೇ ಪರೀಕ್ಷಿಸಿ ಮಾನ್ಯ ಮಾಡುವುದು. ಫ್ಲೇರ್ ಮಾಡಿ ತೋರಿಸಲಿ, ರಿಕವರಿ ಮಾಡಿ ತೋರಿಸಲಿ, ತೂಕ ಹಾಕಿ ಗ್ಯಾಸ್ ತುಂಬಿ ತೋರಿಸಲಿ. ಪರೀಕ್ಷೆ ಕನ್ನಡದಲ್ಲಿರಲಿ, ಬೆಂಗಳೂರಿನಲ್ಲಿ ಹಿಂದಿ, ಉರ್ದು, ತಮಿಳು, ತೆಲುಗಿನಲ್ಲೂ ಇರಲಿ. ಶುಲ್ಕ ಬೇಡ. ಪರೀಕ್ಷೆಯ ದಿನದ ಕೂಲಿ ತಪ್ಪುವುದರಿಂದ ಅದಕ್ಕೊಂದು ಭತ್ಯೆ ಸಿಗಲಿ. ಪಾಸಾದವರಿಗೆ ಫೋಟೋ ಇರುವ ಕಾರ್ಡ್ ಕೊಡಲಿ. ಇಂಥ ಕಾರ್ಡು ಮೆಕ್ಯಾನಿಕ್‌ಗೆ ಹೊರೆಯಾಗುವುದಿಲ್ಲ. ಇಂದು ಯಾವ ಕಾಗದವೂ ಇಲ್ಲದ ಕಾರಣಕ್ಕೆ ಚೌಕಾಸಿಗೆ ಸಿಕ್ಕಿಬೀಳುವ ಆತನಿಗೆ ತನ್ನ ಕೆಲಸಕ್ಕೆ ತಕ್ಕ ದರ ಕೇಳಲು ಅದು ಆಧಾರವಾಗುತ್ತದೆ.

ಮೆಕ್ಯಾನಿಕ್‌ನ ಜೀವದ ಪ್ರಶ್ನೆಯೂ ಇದರಲ್ಲಿದೆ. ಆರ್-22 ಸುಲಭಕ್ಕೆ ಹೊತ್ತಿಕೊಳ್ಳುತ್ತಿರಲಿಲ್ಲ. ಆರ್-32 ಅಲ್ಪಸ್ವಲ್ಪ ಹೊತ್ತಿಕೊಳ್ಳುವ ಗ್ಯಾಸು. ಹವಾಮಾನಕ್ಕೆ ಹೆಚ್ಚುಕಡಿಮೆ ನಿರಪಾಯಕಾರಿಯಾದ ಆರ್-290 ಎಂದರೆ ಪ್ರೊಪೇನ್. ಅಡುಗೆ ಅನಿಲದ ಜಾತಿಯದೇ, ಚೆನ್ನಾಗಿಯೇ ಉರಿಯುತ್ತದೆ. ಗೋದ್ರೆಜ್ 2012ರಿಂದಲೇ ಅದನ್ನು ಬಳಸಿದ ಎಸಿಗಳನ್ನು ಇಲ್ಲಿ ಮಾರಿದೆ. ಯಾವ ಯಂತ್ರದಲ್ಲಿ ಯಾವ ಗ್ಯಾಸಿದೆಯೆಂದು ನೋಡದೆ ಬ್ರೇಜಿಂಗ್ ಜ್ವಾಲೆ ಹಚ್ಚುವುದು, ನೈಟ್ರೋಜನ್ ಬದಲು ಆಮ್ಲಜನಕ ತುಂಬಿ ಪ್ರೆಷರ್ ನೋಡುವುದು, ಇವೆರಡೂ ಸಾವನ್ನು ಕರೆಯುವ ಕೆಲಸ. ಹವಾಮಾನದ ದೃಷ್ಟಿಯಿಂದ ನಾವು ಹೋಗಬೇಕಾದ ಕಡೆ ಇರುವುದು ಉರಿಯುವ ಗ್ಯಾಸುಗಳೇ. ಕಲಿಸದೆ ಅವನ್ನು ಕೈಗೆ ಕೊಡುವುದು ಉದಾರತನವಾಗದು, ಹೊಣೆಗೇಡಿತನವಾಗುತ್ತದೆ.

ಎರಡನೆಯ ಆಕ್ಷೇಪ: ಕಡಿವಾಣ ಹಾಕಿದರೆ ಕಳ್ಳಸಂತೆ ಹುಟ್ಟುತ್ತದೆ. ಹುಟ್ಟುತ್ತದೆ, ಸುಳ್ಳಲ್ಲ. ಯುರೋಪಿನಲ್ಲಿ 2014ರ ನಿಯಮದಂತೆ ಕೋಟಾ ಇಳಿಯುತ್ತ ಬಂದು 2017-18ರಲ್ಲಿ ಬೆಲೆ ಹಲವು ಪಟ್ಟು ಏರಿದಾಗ, ಬಿಸಾಡುವ ಸಿಲಿಂಡರುಗಳಲ್ಲಿ ಗ್ಯಾಸ್ ಗಡಿ ದಾಟಿ ಬರತೊಡಗಿತು. ಆ ಬಗೆಯ ಸಿಲಿಂಡರ್ ಅಲ್ಲಿ ನಿಷಿದ್ಧವಾಗಿದ್ದರೂ ಬಂತು. 2024ರ ಮಾರ್ಚಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮೆಕ್ಸಿಕೋದಿಂದ ಎಚ್‌ಎಫ್‌ಸಿ ಸಾಗಿಸಿದ ಆರೋಪದ ಮೇಲೆ ಒಬ್ಬನನ್ನು ಬಂಧಿಸಿದರು, ಈ ಬಗೆಯಲ್ಲಿ ಅಲ್ಲಿ ಅದು ಮೊದಲ ಮೊಕದ್ದಮೆ. ಆದರೆ ಈ ಎರಡೂ ಕಡೆ ಕಳ್ಳಸಾಗಣೆಗೆ ಬಲ ಬಂದದ್ದು ಕೋಟಾ ಇಳಿದು ಬೆಲೆ ಏರಿದ್ದರಿಂದ. ಕೋಟಾವಂತೂ ಕಿಗಾಲಿಯ ಪ್ರಕಾರ ನಮಗೂ ಬಂದೇ ಬರುತ್ತದೆ. ಆ ಹೊತ್ತಿಗೆ ಕೌಂಟರಿನಲ್ಲಿ ನಿಯಮ ಇಲ್ಲದಿದ್ದರೆ ಕಳ್ಳಮಾಲು ಒಳ್ಳೆಮಾಲಿನ ಪಕ್ಕದಲ್ಲೇ ಕೂತು ಮಾರಾಟವಾಗುತ್ತದೆ. ಯಾರಿಂದ ಬಂತು, ಯಾರಿಗೆ ಹೋಯಿತು ಎಂಬ ದಾಖಲೆ ಇದ್ದರೆ ಮಾತ್ರ ಅದನ್ನು ಬೇರ್ಪಡಿಸಲು ಸಾಧ್ಯ.

ಆ ದಾಖಲೆ ಜೀವ ಉಳಿಸುತ್ತದೆ ಎಂಬುದಕ್ಕೆ 2011ರ ಘಟನೆಗಳು ಸಾಕ್ಷಿ. ಹಡಗಿನಲ್ಲಿ ಸಾಗುವ ಶೀತಲ ಕಂಟೇನರುಗಳು ಆ ವರ್ಷ ಬಂದರುಗಳಲ್ಲಿ ಸಿಡಿದವು, ಕೆಲಸಗಾರರು ಸತ್ತರು. ಹುಡುಕಿದಾಗ ತಿಳಿದದ್ದು, ಆ ಕಂಟೇನರುಗಳಿಗೆ ವಿಯೆಟ್ನಾಮಿನಲ್ಲಿ ಸರ್ವಿಸ್ ಆಗುವಾಗ ಆರ್-134ಎ ಎಂಬ ಶೀತಕ ಗ್ಯಾಸಿನ ಹೆಸರಿನಲ್ಲಿ ನಕಲಿ ಗ್ಯಾಸ್ ತುಂಬಿದ್ದರು. ಅದರಲ್ಲಿ ಮೀಥೈಲ್ ಕ್ಲೋರೈಡ್ ಬೆರೆತಿತ್ತು. ಅದು ಕಂಪ್ರೆಸರಿನ ಅಲ್ಯುಮಿನಿಯಂ ಜೊತೆ ಸೇರಿ, ಗಾಳಿ ತಾಗಿದೊಡನೆ ಹೊತ್ತಿಕೊಳ್ಳುವ ವಸ್ತುವಾಗಿತ್ತು. ತುಂಬಿದವರಿಗೂ ಗೊತ್ತಿರಲಿಲ್ಲ, ಸತ್ತವರಿಗೂ ಗೊತ್ತಿರಲಿಲ್ಲ. ಅಗ್ಗದ ಸಿಲಿಂಡರ್ ಎಲ್ಲಿಂದ ಬಂತೆಂದು ಕೇಳದ ಮಾರುಕಟ್ಟೆಯಲ್ಲಿ ಬೆಲೆ ತೆತ್ತವರು ಕೆಳಗಿನ ಕೆಲಸಗಾರರೇ.

ಸಿಲಿಂಡರಿಗೆ ಗುರುತು ಹಾಕಿ ಜಾಡು ಹಿಡಿಯುವ ನಿಯಮವನ್ನು ಅಮೆರಿಕದ ಪರಿಸರ ಸಂಸ್ಥೆ 2021ರಲ್ಲಿ ಮಾಡಿತ್ತು: ಬಿಸಾಡುವ ಸಿಲಿಂಡರ್ ನಿಷೇಧ, ಪ್ರತಿ ಸಿಲಿಂಡರಿಗೆ ಕ್ಯೂಆರ್ ಕೋಡ್. ಅಷ್ಟು ಅಧಿಕಾರವನ್ನು ಕಾಯ್ದೆ ಕೊಟ್ಟಿಲ್ಲವೆಂದು 2023ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಆ ಭಾಗವನ್ನು ರದ್ದು ಮಾಡಿತು. ಇದರಿಂದ ನಾವು ಕಲಿಯಬೇಕಾದದ್ದು ಸ್ಪಷ್ಟ. ಇಂಥ ಅಂಶಗಳನ್ನು ಸುತ್ತೋಲೆಗೆ ಬಿಡದೆ ನಿಯಮದ ಪಠ್ಯದಲ್ಲೇ, ಕಾಯ್ದೆ ಕೊಟ್ಟ ಅಧಿಕಾರದ ಒಳಗೇ ಬರೆದಿಡಬೇಕು.

ಮೂರನೆಯ ಆಕ್ಷೇಪ ನ್ಯಾಯದ್ದು: ಭೂಮಿಯನ್ನು ಕಾಯಿಸಿದ್ದು ಶ್ರೀಮಂತ ದೇಶಗಳು, ಕಡಿವಾಣ ನಮಗೇಕೆ? ಈ ಪ್ರಶ್ನೆ ಕೇಳಿದ್ದಕ್ಕೇ ಲಂಡನ್ನಿನಲ್ಲಿ ನಿಧಿ ಬಂತು, ಕೇಳಿದ್ದಕ್ಕೇ ಕಿಗಾಲಿಯಲ್ಲಿ ಭಾರತಕ್ಕೆ ಚೀನಾಕ್ಕಿಂತಲೂ ತಡವಾದ ಗಡುವು ಸಿಕ್ಕಿತು. ಕೇಳುತ್ತಲೇ ಇರಬೇಕು. ಆದರೆ ನಮ್ಮ ಪಾಲಿನ ಗ್ಯಾಸನ್ನು ನಾವೇ ಗಾಳಿಗೆ ಚೆಲ್ಲಿಕೊಳ್ಳುವುದು ಆ ಪ್ರಶ್ನೆಗೆ ಬಲ ತರುವುದಿಲ್ಲ. ಸೋರದ ಎಸಿ ಕರೆಂಟನ್ನೂ ಕಡಿಮೆ ತಿನ್ನುತ್ತದೆ. ಗ್ಯಾಸ್ ಕಡಿಮೆಯಾದ ಯಂತ್ರ ಅದೇ ತಂಪಿಗೆ ಹೆಚ್ಚು ಹೊತ್ತು ಓಡಬೇಕಾಗುತ್ತದೆ. ನಿಯಂತ್ರಣದ ಲಾಭ ಮೊದಲು ಬರುವುದು ನಮ್ಮದೇ ವಿದ್ಯುತ್ ಬಿಲ್ಲಿಗೆ.

ಹಾಗಾದರೆ ನಿಯಮದಲ್ಲಿ ಏನಿರಬೇಕು? ಗ್ಯಾಸ್ ಮಾರುವ ಪ್ರತಿ ಅಂಗಡಿಗೆ ನೋಂದಣಿ ಇರಬೇಕು. ಕಾರ್ಡ್ ತೋರಿಸಿದವರಿಗೆ ಮಾತ್ರ ಮಾರಾಟ, ಆನ್‌ಲೈನ್ ಮಾರಾಟಕ್ಕೂ ಅದೇ ಕಟ್ಟಳೆ. ತಪ್ಪಿದಾಗ ಮೊದಲ ದಂಡ ಮಾರಿದವರಿಗೆ, ಕೊಂಡ ಮೆಕ್ಯಾನಿಕ್‌ಗಲ್ಲ. ಬಿಸಾಡುವ ಸಿಲಿಂಡರಿನ ಬದಲು ಠೇವಣಿಯ ಸಿಲಿಂಡರ್ ಬರಬೇಕು. ಅಡುಗೆ ಅನಿಲದ ಸಿಲಿಂಡರನ್ನು ಠೇವಣಿಯ ಮೇಲೆ ಕೋಟಿಗಟ್ಟಲೆ ಮನೆಗಳಿಗೆ ತಲುಪಿಸಿ ಮರಳಿ ಪಡೆಯುವ ದೇಶಕ್ಕೆ ಇದು ಕಷ್ಟವೇನಲ್ಲ. ಯಂತ್ರದಿಂದ ತೆಗೆದ ಹಳೆಯ ಗ್ಯಾಸನ್ನು ಅದೇ ಅಂಗಡಿ ತೂಕ ಹಾಕಿ ದುಡ್ಡು ಕೊಟ್ಟು ಕೊಳ್ಳಬೇಕು, ಆ ದುಡ್ಡನ್ನು ತಯಾರಕರು ಮತ್ತು ಆಮದುದಾರರು ತುಂಬಿಕೊಡಬೇಕು. ರಿಕವರಿ ಮಷಿನ್ ಕೊಳ್ಳುವ ಶಕ್ತಿ ಒಬ್ಬಂಟಿ ಮೆಕ್ಯಾನಿಕ್‌ಗೆ ಇಲ್ಲವಾದ್ದರಿಂದ, ಅಂಗಡಿ ಅಥವಾ ಐಟಿಐಯಿಂದ ದಿನಬಾಡಿಗೆಗೆ ಅದು ಸಿಗುವಂತಾಗಬೇಕು.

ಇವುಗಳಲ್ಲಿ ಕೆಲವಕ್ಕೆ ದೆಹಲಿಯ ಅಧಿಸೂಚನೆ ಕಾಯಬೇಕು, ಎಲ್ಲಕ್ಕೂ ಅಲ್ಲ. ಕರ್ನಾಟಕ ಸರ್ಕಾರದ ಕಚೇರಿ, ಆಸ್ಪತ್ರೆ, ವಿಶ್ವವಿದ್ಯಾಲಯಗಳ ಎಸಿಗಳಿಗೆ ವಾರ್ಷಿಕ ನಿರ್ವಹಣೆಯ ಗುತ್ತಿಗೆಗಳಿವೆ. ತರಬೇತಿ ಪಡೆದವರೇ ಕೆಲಸ ಮಾಡಬೇಕು, ತುಂಬಿದ ಗ್ಯಾಸ್ ಎಷ್ಟು, ತೆಗೆದದ್ದೆಷ್ಟು ಎಂದು ಬರೆದಿಡಬೇಕು ಎಂಬ ಎರಡು ಷರತ್ತನ್ನು ಟೆಂಡರಿನಲ್ಲಿ ಸೇರಿಸಲು ಯಾರ ಅನುಮತಿಯೂ ಬೇಕಿಲ್ಲ. ನೂರಾರು ಎಸಿಗಳಿರುವ ಅಪಾರ್ಟ್‌ಮೆಂಟ್ ಸಂಘಗಳೂ ಹೀಗೆ ಮಾಡಬಹುದು. ಮನೆಯವರಾದ ನಮ್ಮ ಪಾಲಿನ ಕೆಲಸವೂ ಇದೆ: ‘ಗ್ಯಾಸ್ ಹಾಕಿ’ ಎನ್ನುವ ಮುಂಚೆ ‘ಎಲ್ಲಿ ಸೋರಿದೆ ನೋಡಿ’ ಎನ್ನುವುದು, ಹುಡುಕುವುದಕ್ಕೆ ಹಿಡಿದ ಹೊತ್ತಿಗೆ ದುಡ್ಡು ಕೊಡುವುದು, ಬಿಲ್ಲಿನಲ್ಲಿ ಗ್ಯಾಸಿನ ಹೆಸರು, ತೂಕ ಬರೆಸಿಕೊಳ್ಳುವುದು.

ಮನಸ್ಸಿದ್ದಾಗ ನಮ್ಮ ಸರ್ಕಾರ ತಡಮಾಡುವುದಿಲ್ಲ. ದೇಶೀ ತಯಾರಿಕೆ ಬೆಳೆಯಲೆಂದು 2020ರ ಅಕ್ಟೋಬರಿನಲ್ಲಿ ಗ್ಯಾಸ್ ತುಂಬಿದ ಎಸಿಗಳ ಆಮದನ್ನು ಒಂದೇ ಅಧಿಸೂಚನೆಯಿಂದ ನಿಲ್ಲಿಸಿದರು. ಗ್ಯಾಸಿನ ಮಾರಾಟಕ್ಕೆ ನಿಯಮ ಮಾಡುವುದರಲ್ಲಿ ಆ ವೇಗದ ಜೊತೆ ಸರಿಯಾದ ಕ್ರಮವೂ ಮುಖ್ಯ. ಮೊದಲು ತರಬೇತಿ ಮತ್ತು ಸಲಕರಣೆ, ಆಮೇಲೆ ಕಾರ್ಡ್, ಕಾರ್ಡ್ ಎಲ್ಲರ ಕೈಸೇರಿದ ಮೇಲೆ ಕೌಂಟರಿನ ಕಡ್ಡಾಯ. ಈ ಕ್ರಮ ತಿರುಗುಮುರುಗಾದರೆ ಮೆಕ್ಯಾನಿಕ್‌ಗಳು ಕಳ್ಳಸಂತೆಗೆ ಹೋಗುತ್ತಾರೆ, ನಿಯಮ ಕಾಗದದಲ್ಲಿ ಉಳಿಯುತ್ತದೆ. 2028ರ ಮಿತಿ ಬರುವ ಮುಂಚೆ ಈ ಮೂರೂ ಹಂತ ಮುಗಿದಿರಬೇಕು. ಇದಕ್ಕೆ ಕೊರತೆಯಿರುವುದು ತಂತ್ರಜ್ಞಾನದ್ದಲ್ಲ, ಹಣದ್ದೂ ಅಲ್ಲ. ಗ್ಯಾಸ್ ತುಂಬುವ ಕೆಲಸವನ್ನು ಕಲಿತವರ ಕಸುಬೆಂದು ಒಪ್ಪಿ, ಆ ಕಸುಬಿಗೆ ತಕ್ಕ ಕೂಲಿ ಕೊಡುವ ಮನಸ್ಸಿನದು.